ಟಸ್ಟೆನಗ್ಗಿ ಹಾಕಿದ ಸಹಿ: ವಿಲಿಯಂ ಮ್ಯಾಕಿಂತೋಷ್ ಪ್ರಕರಣ, 1825

1825ರ ಫೆಬ್ರವರಿ 12ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಇಂಡಿಯನ್ ಸ್ಪ್ರಿಂಗ್ಸ್‌ನಲ್ಲಿ ಮಸ್ಕೋಗಿ ಯೋಧ ವಿಲಿಯಂ ಮ್ಯಾಕಿಂತೋಷ್ ಅಮೆರಿಕ ಸರ್ಕಾರದ ಜೊತೆಗಿನ ಒಂದು ಒಪ್ಪಂದಕ್ಕೆ ಸಹಿ ಹಾಕಿದ. ಅಮೆರಿಕದ ಮೂಲನಿವಾಸಿಗಳಾದ ಮಸ್ಕೋಗಿ (ಕ್ರೀಕ್) ಜನರಿಗೆ ಜಾರ್ಜಿಯಾದಲ್ಲಿ ಉಳಿದಿದ್ದ ನೆಲವೆಲ್ಲ ಆ ಒಂದು ಕಾಗದದಿಂದ ಕೈಬಿಟ್ಟಿತು. ಅಲಬಾಮಾದ ಕಡೆಯ ಒಂದಷ್ಟು ನೆಲವೂ ಅದರ ಜೊತೆ ಹೋಯಿತು. ಎರಡೂವರೆ ತಿಂಗಳು ಕಳೆದ ಮೇಲೆ, ಏಪ್ರಿಲ್ 30ರಂದು, ಅವನದೇ ಜನರ ಒಂದು ಪಡೆ ಬಂದು ಅವನ ಮನೆಗೆ ಬೆಂಕಿ ಇಟ್ಟು ಅವನನ್ನು ಕೊಂದಿತು. ಪಡೆಯ ಮುಂದಾಳು ಮೆನಾವ. ಅವನೂ ಹೆಸರಾದ ಯೋಧ.

ಈ ಕಥೆಯನ್ನು ಸಾಮಾನ್ಯವಾಗಿ ದುಡ್ಡಿನ ಕಥೆಯಾಗಿ ಹೇಳುತ್ತಾರೆ. ಲಂಚ ತಿಂದವನು ಸತ್ತ, ಅಲ್ಲಿಗೆ ಮುಗಿಯಿತು ಎನ್ನುವ ಹಾಗೆ. ದುಡ್ಡು ಇತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ನನಗೆ ಮುಖ್ಯ ಅನ್ನಿಸುವುದು ಬೇರೆ. ಮ್ಯಾಕಿಂತೋಷ್‌ಗೆ ಮಸ್ಕೋಗಿ ಸಮಾಜ ಕೊಟ್ಟಿದ್ದ ಪದವಿ ಯುದ್ಧದ ಪದವಿ. ಟಸ್ಟೆನಗ್ಗಿ ಹುತ್ಕಿ, ಅಂದರೆ ಬಿಳಿ ಯೋಧ. ಆ ಪದವಿಯಲ್ಲಿ ಏನೇನು ಅಧಿಕಾರ ಇತ್ತು, ಏನು ಇರಲಿಲ್ಲ ಎಂದು ತಿಳಿಯದೆ ಈ ಸಾವು ಅರ್ಥವಾಗುವುದಿಲ್ಲ.

ಊರು, ಅಂಗಳ, ಪದವಿಗಳು

ಮಸ್ಕೋಗಿಗಳಲ್ಲಿ ಊರೇ ಎಲ್ಲಕ್ಕೂ ಮೂಲ. ಒಂದೊಂದು ಊರಿಗೂ ಅದರದೇ ಬೆಂಕಿ, ಅದರದೇ ಅಂಗಳ, ಅದರದೇ ಸಭೆ. 1796ರಿಂದ 1816ರವರೆಗೆ ಇವರ ನಡುವೆ ಅಮೆರಿಕ ಸರ್ಕಾರದ ಏಜೆಂಟ್ ಆಗಿದ್ದ ಬೆಂಜಮಿನ್ ಹಾಕಿನ್ಸ್ ಈ ಅಂಗಳವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಚೌಕದ ನಾಲ್ಕು ಬದಿಗೆ ನಾಲ್ಕು ಚಪ್ಪರದಂಥ ಮನೆಗಳು. ಪೂರ್ವಕ್ಕೆ ಮುಖ ಮಾಡಿದ್ದು ಮಿಕ್ಕೊನದು. ದಕ್ಷಿಣಕ್ಕೆ ಮುಖ ಮಾಡಿದ್ದು ಯೋಧರದು. ಉತ್ತರಕ್ಕೆ ಮುಖ ಮಾಡಿದ್ದು ಹಿರಿಯರದು. ಪಶ್ಚಿಮಕ್ಕೆ ಮುಖ ಮಾಡಿದ್ದು ಹುಡುಗರದು. ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನು ನೋಡಿದರೆ ಅವರ ಮಾತಿಗೆ ಎಷ್ಟು ತೂಕ, ಯಾವ ವಿಷಯದಲ್ಲಿ ತೂಕ ಎಂದು ಗೊತ್ತಾಗುತ್ತಿತ್ತು.

ಮಿಕ್ಕೊ ಊರಿನ ಮುಖ್ಯಸ್ಥ. ಅವನು ಅಪ್ಪಣೆ ಮಾಡುವ ರಾಜ ಅಲ್ಲ. ಸಲಹೆಗಾರರ ಜೊತೆ ಕೂತು, ಮಾತಾಡಿ, ಒಪ್ಪಿಸಿ ಊರು ನಡೆಸುವವನು. ಅವನಿಗೆ ನೆರವಾಗಿ ಹೆನಿಹ ಎಂಬ ಎರಡನೆಯ ದರ್ಜೆಯವರು, ಊರಿನ ಸಾರ್ವಜನಿಕ ಕೆಲಸ ನೋಡಿಕೊಳ್ಳುವವರು. ಯುದ್ಧದ ಕಡೆ ದೊಡ್ಡವನು ಟಸ್ಟೆನಗ್ಗಿ ಥ್ಲೊಕ್ಕೊ, ಅಂದರೆ ಮಹಾಯೋಧ. ಯುದ್ಧದಲ್ಲಿ ಹೆಸರು ಮಾಡಿದವರ ನಡುವಿನಿಂದ ಮಿಕ್ಕೊ ಮತ್ತು ಸಲಹೆಗಾರರೇ ಅವನನ್ನು ಆರಿಸುತ್ತಿದ್ದರು. ಅಂದರೆ ಪಡೆಯ ಮುಂದಾಳು ತಾನಾಗಿಯೇ ಎದ್ದು ನಿಂತವನಲ್ಲ. ಶಾಂತಿಯ ಮನೆಯವರು ಅವನನ್ನು ಆ ಜಾಗದಲ್ಲಿ ಕೂರಿಸಿದ್ದರು.

ಅವನ ಕೆಳಗೆ ಟಸ್ಟೆನಗ್ಗಿಗಳು. ಅವರ ಕೆಳಗೆ ಇಮಾತ್ಲ ಪದವಿಯವರು, ಅದರಲ್ಲೂ ದೊಡ್ಡ, ಚಿಕ್ಕ ಎಂದು ಎರಡು ಹಂತ. ಅದಕ್ಕೂ ಕೆಳಗೆ, ಒಮ್ಮೆಯಾದರೂ ಯುದ್ಧಕ್ಕೆ ಹೋಗಿ ಹೆಸರು ಪಡೆದ ಸಾಮಾನ್ಯ ಯೋಧರು. ಈ 'ಹೆಸರು ಪಡೆಯುವುದು' ಸುಮ್ನೆ ಆಗುವ ಕೆಲಸ ಅಲ್ಲ. ಪಡೆಯ ಮುಂದಾಳು ಊರಿಗೆ ಮರಳಿದ ಮೇಲೆ ಯಾರು ಹೇಗೆ ನಡೆದುಕೊಂಡರು ಎಂದು ವರದಿ ಹೇಳಬೇಕು. ಅದನ್ನು ಕೇಳಿ ಹುಡುಗನಿಗೆ ಯುದ್ಧದ ಹೆಸರು ಕೊಡುತ್ತಿದ್ದರು. ಅಲ್ಲಿಯವರೆಗೆ ಅವನಿಗೆ ಇರುತ್ತಿದ್ದದ್ದು ಮಗುವಿನ ಹೆಸರು.

ಯುದ್ಧದ ಹೆಸರಿಗೆ ಸಾಮಾನ್ಯವಾಗಿ ಎರಡು ತುಂಡು. ಮೊದಲನೆಯದು ಒಂದು ಪ್ರಾಣಿ, ಕುಲ ಅಥವಾ ಊರು. ಎರಡನೆಯದು ಪದವಿ ಅಥವಾ ಗುಣ. ಹಾಜೊ ಎಂದರೆ ಕಾಳಗದಲ್ಲಿ ಹುಚ್ಚನಂತೆ ನುಗ್ಗುವವನು. ಫಿಕ್ಸಿಕೊ ಎಂದರೆ ಎದೆಯಲ್ಲಿ ಮರುಕ ಇಲ್ಲದವನು. ಯಹೋಲ ಎಂದರೆ ಸಭೆಯಲ್ಲಿ ಕಪ್ಪು ಕಷಾಯ ಹಂಚುವಾಗ ಉಸಿರು ಬಿಡದೆ ಉದ್ದಕ್ಕೆ ಕೂಗುವವನು. ಯಾಹ ಹಾಜೊ ಎಂದರೆ ಹುಚ್ಚು ತೋಳ. ಹಲ್ಪಾಟ ಟಸ್ಟೆನಗ್ಗಿ ಎಂದರೆ ಮೊಸಳೆ ಯೋಧ. ಇವತ್ತಿಗೂ ಒಕ್ಲಹೋಮಾದಲ್ಲಿ ಹಾರ್ಜೊ, ಫಿಕ್ಸಿಕೊ, ಯಹೋಲ ಎಂಬ ಮನೆತನದ ಹೆಸರುಗಳು ಸಿಗುತ್ತವೆ. ಒಬ್ಬ ಗಂಡಸಿಗೆ ಕಾಳಗದ ಮೇಲೆ ಸಿಕ್ಕ ಹೆಸರು ಈಗ ಇಡೀ ಮನೆಯ ಹೆಸರಾಗಿದೆ.

ಯುದ್ಧ ಒಬ್ಬನದು, ಶಾಂತಿ ಇನ್ನೊಬ್ಬನದು

ಈ ಪ್ರಕರಣದ ಬೀಗದ ಕೈ ಇರುವುದು ಹಾಕಿನ್ಸ್ ದಾಖಲಿಸಿದ ಒಂದು ಪದ್ಧತಿಯಲ್ಲಿ. ಊರಿಗೆ ಬೇರೆಯವರಿಂದ ಅನ್ಯಾಯವಾಗಿದೆ ಎಂದು ಮಿಕ್ಕೊ ಮತ್ತು ಸಲಹೆಗಾರರಿಗೆ ಅನ್ನಿಸಿದರೆ ಮಹಾಯೋಧ ಯುದ್ಧದ ಕೊಡಲಿ ಎತ್ತುತ್ತಾನೆ. ಎತ್ತಿದ ಮೇಲೂ ಮಿಕ್ಕೊ ಮಧ್ಯೆ ಬಂದು ತಡೆಯಬಹುದು, ಮಾತುಕತೆಯಿಂದ ಮುಗಿಸಬಹುದು. ಮಹಾಯೋಧ ಕೇಳದೆ ಹೊರಟೇಬಿಟ್ಟರೆ, ಯುದ್ಧ ಬೇಕು ಎನ್ನುವವರು ಅವನ ಹಿಂದೆ ಹೋಗುತ್ತಾರೆ. ಬೇಡ ಎನ್ನುವವರು ಮನೆಯಲ್ಲೇ ಉಳಿಯುತ್ತಾರೆ. ಯಾರನ್ನೂ ಎಳೆದುಕೊಂಡು ಹೋಗುವಂತಿಲ್ಲ. ಇಡೀ ಜನಾಂಗದ ಅರ್ಧಕ್ಕಿಂತ ಜಾಸ್ತಿ ಜನ ಒಟ್ಟಿಗೆ ಯುದ್ಧಕ್ಕೆ ಒಪ್ಪಿದ್ದು ಊರಿನ ಮುದುಕರಿಗೂ ನೆನಪಿರಲಿಲ್ಲವಂತೆ.

ಶಾಂತಿಯ ವಿಷಯ ಬಂದಾಗ ಪದ್ಧತಿ ಬೇರೆ. ಶಾಂತಿಯನ್ನು ತೀರ್ಮಾನಿಸುವುದು ಯಾವಾಗಲೂ ಮಿಕ್ಕೊ ಮತ್ತು ಸಲಹೆಗಾರರು. ಶಾಂತಿಯ ಮಾತು ಹೊತ್ತು ಬಂದವರು ಮಿಕ್ಕೊನ ಮನೆಯ ಮುಂದೆಯೇ ಅದನ್ನು ಹೇಳಬೇಕು. ಯೋಧರ ಮನೆಯ ಮುಂದೆ ಅಲ್ಲ.

ಒಪ್ಪಂದ ಎನ್ನುವುದು ಶಾಂತಿಯ ಮಾತು. ಭೂಮಿ ಕೊಡುವ ಒಪ್ಪಂದ ಅಂತೂ ಎಲ್ಲ ಊರುಗಳ ಹೊಟ್ಟೆಪಾಡಿನ ಮಾತು. ಟಸ್ಟೆನಗ್ಗಿಯ ಸಹಿ ಒಂದನ್ನೇ ಹಿಡಿದು ನೆಲ ತೆಗೆದುಕೊಳ್ಳುವುದೆಂದರೆ ಊರ ಕಾವಲುಗಾರನಿಂದ ಊರಿನ ಗೋಮಾಳ ಬರೆಸಿಕೊಂಡ ಹಾಗೆ. ಅಮೆರಿಕದ ಕಡತಗಳಲ್ಲಿ ಮಾತ್ರ ಮಿಕ್ಕೊನೂ 'ಚೀಫ್', ಟಸ್ಟೆನಗ್ಗಿಯೂ 'ಚೀಫ್'. ಇಂಡಿಯನ್ ಸ್ಪ್ರಿಂಗ್ಸ್ ಒಪ್ಪಂದದ ಕೊನೆಯಲ್ಲಿ ಮ್ಯಾಕಿಂತೋಷ್ ಹೆಸರಿನ ಮುಂದೆ ಇರುವುದು 'ಕೊವೇಟಾದ ಹೆಡ್ ಚೀಫ್' ಎಂದು. ಅದೇ ಪಟ್ಟಿಯಲ್ಲಿ ಅವನ ಕೆಳಗೆ ಎಟೊಮಿ ಟಸ್ಟೆನಗ್ಗಿ ಎಂಬ ಇನ್ನೊಬ್ಬ ಕೊವೇಟಾ ಯೋಧನ ಗುರುತು ಇದೆ.

ಮ್ಯಾಕಿಂತೋಷ್ ಬೆಳೆದ ಬಗೆ

ಅವನ ಅಪ್ಪ ಸ್ಕಾಟಿಷ್ ಮೂಲದ ಒಬ್ಬ ಕ್ಯಾಪ್ಟನ್. ಅಮ್ಮ ಸೆನೋಯ, ಕೊವೇಟಾ ಊರಿನವಳು, ಗಾಳಿ ಕುಲದವಳು. ಮಸ್ಕೋಗಿಗಳಲ್ಲಿ ಕುಲ ಬರುವುದು ತಾಯಿಯಿಂದ. ಹಾಗಾಗಿ ಊರಿನ ಕಣ್ಣಿಗೆ ಅವನು ಗಾಳಿ ಕುಲದ ಹುಡುಗ, ಪೂರ್ತಿ ಮಸ್ಕೋಗಿ. ಅಪ್ಪನ ಕಡೆಯ ಬಳಗವೂ ಅವನ ಕೈಬಿಡಲಿಲ್ಲ. ಒಪ್ಪಂದದ ಕಾಲಕ್ಕೆ ಜಾರ್ಜಿಯಾದ ಗವರ್ನರ್ ಆಗಿದ್ದ ಜಾರ್ಜ್ ಟ್ರೂಪ್ ಅವನ ಸಂಬಂಧಿ. ಟ್ರೂಪ್‌ನ ತಾಯಿ ಮ್ಯಾಕಿಂತೋಷ್ ಮನೆತನದವಳು.

ಯೋಧನಾಗಿ ಅವನ ಹೆಸರು ಸುಳ್ಳಲ್ಲ. 1813-14ರಲ್ಲಿ ಮಸ್ಕೋಗಿಗಳ ನಡುವೆಯೇ ಯುದ್ಧ ಹತ್ತಿಕೊಂಡಾಗ, ಅಮೆರಿಕನ್ನರ ವಿರುದ್ಧ ಎದ್ದಿದ್ದ ಕೆಂಪು ಕೋಲಿನವರ (ರೆಡ್ ಸ್ಟಿಕ್ಸ್ ಎಂಬ ಮಸ್ಕೋಗಿ ಬಣ) ಎದುರು ಅಮೆರಿಕನ್ನರ ಜೊತೆ ನಿಂತ. ಅಟಾಸಿಯಲ್ಲಿ ಕಾದಾಡಿದ. 1814ರ ಮಾರ್ಚ್ 27ರಂದು ಹಾರ್ಸ್‌ಶೂ ಬೆಂಡ್‌ನಲ್ಲಿ ಅಮೆರಿಕದ ಸೇನಾಪತಿ ಆಂಡ್ರ್ಯೂ ಜಾಕ್ಸನ್ ಪಡೆಯ ಜೊತೆ ಕಾದಾಡಿದ. ಅದೇ ದಿನ ಎದುರು ಪಾಳಯದಲ್ಲಿ ಕೆಂಪು ಕೋಲಿನವರ ಪರ ನಿಂತು ಮೈತುಂಬ ಗುಂಡು ತಿಂದೂ ಬದುಕಿ ಉಳಿದವನು ಮೆನಾವ. ಆಮೇಲೆ 1818ರಲ್ಲಿ ಜಾಕ್ಸನ್ ಫ್ಲಾರಿಡಾದ ಸೆಮಿನೋಲರ ಮೇಲೆ ಹೋದಾಗಲೂ ಮ್ಯಾಕಿಂತೋಷ್ ತನ್ನ ಯೋಧರನ್ನು ಕರೆದುಕೊಂಡು ಹೋದ. ಅಮೆರಿಕ ಸೇನೆ ಅವನಿಗೆ ಬ್ರಿಗೇಡಿಯರ್ ಜನರಲ್ ದರ್ಜೆ ಕೊಟ್ಟಿತು. ಹೀಗೆ ಅವನ ಮೈಮೇಲೆ ಎರಡು ಪದವಿ ಕೂತವು. ಒಂದು ಅಂಗಳದ್ದು, ಇನ್ನೊಂದು ಅಮೆರಿಕನ್ ಸೇನೆಯದ್ದು. ಜಾಕ್ಸನ್ ಪಾಳಯದಲ್ಲಿ ಜನರಲ್ ಅಂದರೆ ಅಪ್ಪಣೆ ಮಾಡುವವನು. ಕೊವೇಟಾದಲ್ಲಿ ಟಸ್ಟೆನಗ್ಗಿ ಅಂದರೆ ಹಿಂದೆ ಬರಲು ಒಪ್ಪಿದವರನ್ನು ಕರೆದುಕೊಂಡು ಹೋಗುವವನು. ಅವನ ಮುಂದಿನ ನಡೆಗಳನ್ನು ನೋಡಿದರೆ ಈ ವ್ಯತ್ಯಾಸ ಅವನ ಕಣ್ಣಿಂದ ಜಾರಿತ್ತು ಎಂದೇ ನನಗೆ ಅನ್ನಿಸುತ್ತದೆ.

ಯೋಧರಿಗೆ ಬಂದ ಹೊಸ ಕೆಲಸ

ಇಲ್ಲಿ ಒಂದು ತೊಡಕು ಇದೆ, ಅದನ್ನು ಮುಚ್ಚಿಡಬಾರದು. 1800ರ ನಂತರದ ವರ್ಷಗಳಲ್ಲಿ ಯೋಧರ ಪದವಿ ಹಳೆಯ ಅಳತೆಯಲ್ಲೇ ಉಳಿದಿರಲಿಲ್ಲ. ಎಲ್ಲ ಊರುಗಳಿಗೂ ಸೇರಿದ ಒಂದು ರಾಷ್ಟ್ರೀಯ ಸಭೆ ಗಟ್ಟಿಯಾಗುತ್ತಿತ್ತು. ಹಾಕಿನ್ಸ್ ಅದಕ್ಕೆ ಒತ್ತಾಸೆಯಾಗಿದ್ದ. ಆ ಸಭೆಯ ತಲೆಯಲ್ಲಿ ಇದ್ದವರೇ ಯುದ್ಧದ ಪದವಿಯವರು. ಊರುಗಳಲ್ಲಿ ಮೇಲಿನವು, ಕೆಳಗಿನವು ಎಂದು ಎರಡು ಗುಂಪು. ಮೇಲಿನ ಊರುಗಳಿಗೆ ಟಕಬ್ಯಾಚಿಯ ಬಿಗ್ ವಾರಿಯರ್. ಅವನ ಮಸ್ಕೋಗಿ ಪದವಿ ಟಸ್ಟೆನಗ್ಗಿ ಥ್ಲೊಕ್ಕೊ. ಕೆಳಗಿನ ಊರುಗಳಿಗೆ ಬ್ರೋಕನ್ ಆ್ಯರೋದ ಲಿಟಲ್ ಪ್ರಿನ್ಸ್. ಅವನು ಟಸ್ಟೆನಗ್ಗಿ ಹೊಪೊಯಿ. ಹಾಗಾದರೆ ಯುದ್ಧದ ಪದವಿಯವನು ರಾಷ್ಟ್ರದ ಪರ ಮಾತಾಡಬಾರದು ಎನ್ನುವುದು ಎಲ್ಲಿ ಉಳಿಯಿತು ಎಂದು ಕೇಳಬಹುದು, ಅಲ್ವಾ?

ಅವರು ಮಾತಾಡುತ್ತಿದ್ದದ್ದು ಸಭೆಯಲ್ಲಿ ಕೂತು, ಸಭೆಯ ಬಾಯಾಗಿ. 1821ರಲ್ಲಿ ಇದೇ ಇಂಡಿಯನ್ ಸ್ಪ್ರಿಂಗ್ಸ್‌ನಲ್ಲಿ ಒಕ್ಮಲ್ಗಿ ಮತ್ತು ಫ್ಲಿಂಟ್ ನದಿಗಳ ನಡುವಿನ ನೆಲ ಹೋಯಿತು. ಆ ಒಪ್ಪಂದದಲ್ಲಿ ಮ್ಯಾಕಿಂತೋಷ್ ಸಹಿಯ ಜೊತೆ ಲಿಟಲ್ ಪ್ರಿನ್ಸ್‌ನ ಗುರುತೂ ಇದೆ. ಆ ಒಪ್ಪಂದದಲ್ಲೇ ಮ್ಯಾಕಿಂತೋಷ್‌ಗೆ ಇಂಡಿಯನ್ ಸ್ಪ್ರಿಂಗ್ಸ್‌ನಲ್ಲಿ 1,000 ಎಕರೆ, ಒಕ್ಮಲ್ಗಿ ನದಿಯ ಮೇಲೆ 640 ಎಕರೆ ಸಿಕ್ಕಿತು. ಆಗ ಯಾರೂ ಅವನ ತಲೆ ತೆಗೆಯಲಿಲ್ಲ. ಇದನ್ನು ಮರೆತರೆ 1825ರ ಸಿಟ್ಟು ಸುಮ್ನೆ ಭೂಮಿ ಹೋದ ಸಿಟ್ಟು ಅನ್ನಿಸಿಬಿಡುತ್ತದೆ.

ಸಭೆ ಗಟ್ಟಿಯಾದಂತೆ ಯೋಧರಿಗೆ ಇನ್ನೊಂದು ಕೆಲಸವೂ ಬಂತು. ಸಭೆಯ ತೀರ್ಪನ್ನು ಜಾರಿ ಮಾಡುವ ಕೆಲಸ. ಹಿಂದೆ ಕೊಲೆಯಾದರೆ ಸತ್ತವನ ಕುಲ ಸೇಡು ತೀರಿಸಿಕೊಳ್ಳುತ್ತಿತ್ತು. ಈಗ ಸಭೆ ಹೇಳಿ, ಯೋಧರು ಹೋಗಿ ಶಿಕ್ಷೆ ಕೊಟ್ಟರೆ ಆ ಸಾವಿಗೆ ಕುಲದವರು ಸೇಡು ಕೇಳುವಂತಿಲ್ಲ. ಇಂಥ ತಂಡಗಳನ್ನು ಇಂಗ್ಲಿಷ್‌ನಲ್ಲಿ 'ಲಾ ಮೆಂಡರ್' ಎಂದು ಕರೆದರು. 1813ರಲ್ಲಿ ಗಡಿಯ ಬಿಳಿಯರನ್ನು ಕೊಂದವರಿಗೆ ಸಭೆ ಸಾವಿನ ಶಿಕ್ಷೆ ಹೇಳಿದಾಗ ಹೊರಟ ತಂಡಗಳಲ್ಲಿ ಒಂದರ ಮುಂದಾಳು ಬೇರೆ ಯಾರೂ ಅಲ್ಲ, ಮ್ಯಾಕಿಂತೋಷ್. ಸಭೆಯ ಮಾತಿನ ಮೇಲೆ ಇನ್ನೊಬ್ಬರ ಮನೆ ಸುತ್ತುವರಿಯುವುದು ಹೇಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ಸಭೆ ಇನ್ನೊಂದು ಕಾನೂನನ್ನೂ ಮಾಡಿತ್ತು. ಸಭೆಯ ಒಪ್ಪಿಗೆ ಇಲ್ಲದೆ ಭೂಮಿ ಮಾರಿದವನಿಗೆ ಸಾವು. 1824ರಲ್ಲಿ ಅದನ್ನು ಮತ್ತೆ ಗಟ್ಟಿಯಾಗಿ ಸಾರಿತು.

ಅಷ್ಟರಲ್ಲಿ ಮ್ಯಾಕಿಂತೋಷ್ ಮೇಲೆ ನಂಬಿಕೆ ಕುಸಿದಿತ್ತು. 1823ರ ಅಕ್ಟೋಬರ್‌ನಲ್ಲಿ ಪಕ್ಕದ ಚೆರೋಕಿಗಳ ಸಭೆಗೆ ಹೋಗಿ, ನೆಲ ಬಿಟ್ಟುಕೊಡಲು ಒಪ್ಪಿದರೆ ದುಡ್ಡು ಕೊಡಿಸುತ್ತೇನೆ ಎಂದು ಚೆರೋಕಿ ಮುಂದಾಳು ಜಾನ್ ರಾಸ್‌ಗೆ ಪತ್ರ ಬರೆದಿದ್ದ. ರಾಸ್ ಆ ಪತ್ರವನ್ನು ತುಂಬಿದ ಸಭೆಯಲ್ಲಿ ಓದಿಸಿದ. ಮ್ಯಾಕಿಂತೋಷ್ ಅಲ್ಲಿಂದ ಜಾಗ ಖಾಲಿ ಮಾಡಬೇಕಾಯಿತು.

ಇಂಡಿಯನ್ ಸ್ಪ್ರಿಂಗ್ಸ್

1824ರ ಡಿಸೆಂಬರ್‌ನಲ್ಲಿ ಅಮೆರಿಕದ ಕಮಿಷನರ್‌ಗಳಾದ ಡಂಕನ್ ಕ್ಯಾಂಪ್‌ಬೆಲ್ ಮತ್ತು ಜೇಮ್ಸ್ ಮೆರಿವೆದರ್ ಬ್ರೋಕನ್ ಆ್ಯರೋದಲ್ಲಿ ಸಭೆಯ ಮುಂದೆ ನೆಲ ಕೇಳಿದರು. ಸಭೆ ಆಗುವುದಿಲ್ಲ ಎಂದಿತು. ಅಲ್ಲಿಗೆ ನಿಲ್ಲಬೇಕಿತ್ತು. ಬದಲಿಗೆ ಅವರು ಜಾಗ ಬದಲಿಸಿದರು. ಮಾತುಕತೆಯನ್ನು ಇಂಡಿಯನ್ ಸ್ಪ್ರಿಂಗ್ಸ್‌ಗೆ ಎಳೆದರು. ಅಲ್ಲಿ ಇದ್ದದ್ದು ಮ್ಯಾಕಿಂತೋಷ್‌ನದೇ ಹೋಟೆಲ್. ನನ್ನ ಮಟ್ಟಿಗೆ ಇಡೀ ಪ್ರಕರಣದ ಕೆಟ್ಟ ಕೆಲಸ ಇದೇ. ಸಭೆ ಇಲ್ಲ ಎಂದದ್ದನ್ನು ತಿಳಿದೂ ತಿಳಿದೂ, ಹೌದು ಎನ್ನುವ ಯೋಧನೊಬ್ಬನ ಮನೆ ಬಾಗಿಲಿಗೆ ಹೋದರು.

ಮೇಲಿನ ಊರುಗಳ ಪರವಾಗಿ ಅಲ್ಲಿಗೆ ಬಂದಿದ್ದವನು ಒಪೊತ್ಲೆಯಹೋಲ. ಅವನ ಹೆಸರಿನಲ್ಲೇ ಯಹೋಲ ಇದೆ, ಕೂಗುವವನ ಪದವಿ. ಮಾತಿನಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಇಲ್ಲಿ ಸೇರಿದವರಿಗೆ ಭೂಮಿ ಮಾರುವ ಅಧಿಕಾರ ಇಲ್ಲ, ಆ ಮಾತು ಬ್ರೋಕನ್ ಆ್ಯರೋದ ಸಭೆಯಲ್ಲೇ ಆಗಬೇಕು ಎಂದು ಅವನು ಕಮಿಷನರ್‌ಗಳ ಮುಖಕ್ಕೇ ಹೇಳಿದ. ಮ್ಯಾಕಿಂತೋಷ್‌ಗೂ ಎಚ್ಚರಿಕೆ ಕೊಟ್ಟ.

ಆದರೂ ಫೆಬ್ರವರಿ 12ರಂದು ಮ್ಯಾಕಿಂತೋಷ್ ಸಹಿ ಹಾಕಿದ. ಮರುದಿನವೇ ಮಸ್ಕೋಗಿಗಳ ನಡುವೆ ಆಗ ಅಮೆರಿಕ ಸರ್ಕಾರದ ಏಜೆಂಟ್ ಆಗಿದ್ದ ಜಾನ್ ಕ್ರೋವೆಲ್ ವಾಷಿಂಗ್ಟನ್‌ಗೆ ಪತ್ರ ಬರೆದ. ಮ್ಯಾಕಿಂತೋಷ್ ಮತ್ತು ಇನ್ನಿಬ್ಬರನ್ನು ಬಿಟ್ಟರೆ ಸಹಿ ಹಾಕಿದವರು ಕೆಳದರ್ಜೆಯವರು ಅಥವಾ ಯಾವ ಪದವಿಯೂ ಇಲ್ಲದವರು, 56 ಊರುಗಳಲ್ಲಿ 8 ಊರಿನವರು ಮಾತ್ರ ಎಂಬುದು ಅದರ ಸಾರ. ಅಂದರೆ ಅಮೆರಿಕ ಸರ್ಕಾರಕ್ಕೆ ವಿಷಯ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಆದರೂ ಸೆನೆಟ್ ಒಪ್ಪಿತು. ಅಧ್ಯಕ್ಷ ಪದವಿಗೆ ಆಗಷ್ಟೇ ಬಂದಿದ್ದ ಜಾನ್ ಕ್ವಿನ್ಸಿ ಆಡಮ್ಸ್ ಮಾರ್ಚ್ 7ರಂದು ಸಹಿ ಹಾಕಿದ. ಒಪ್ಪಂದದ ಒಟ್ಟು ಮೊತ್ತ 4 ಲಕ್ಷ ಡಾಲರ್. ಮ್ಯಾಕಿಂತೋಷ್‌ನ ಸ್ವಂತ ನೆಲಕ್ಕೆ ಬೇರೆಯಾಗಿ 25,000 ಡಾಲರ್. ಬಿಗ್ ವಾರಿಯರ್ ಅದೇ ಹೊತ್ತಿಗೆ ತೀರಿಕೊಂಡಿದ್ದ.

ಮಸ್ಕೋಗಿಗಳಿಗೆ ಖಾಲಿ ಮಾಡಲು 1826ರ ಸೆಪ್ಟೆಂಬರ್ 1ರವರೆಗೆ ಸಮಯ ಇತ್ತು. ಟ್ರೂಪ್‌ಗೆ ಅಷ್ಟು ಕಾಯುವ ಮನಸ್ಸು ಇರಲಿಲ್ಲ. ಈಗಲೇ ಸರ್ವೆ ಮಾಡಲು ಒಪ್ಪಿಗೆ ಕೊಡು ಎಂದು ಮ್ಯಾಕಿಂತೋಷ್‌ನನ್ನು ಕೇಳಿದ. ಮ್ಯಾಕಿಂತೋಷ್ ಅದಕ್ಕೂ ಹೂಂ ಅಂದ.

ಏಪ್ರಿಲ್ 30

ಸಭೆ ಕಾನೂನಿನಂತೆ ತೀರ್ಪು ಕೊಟ್ಟಿತು. ಜಾರಿ ಮಾಡುವ ಹೊಣೆ ಒಕ್ಫಸ್ಕಿಯ ಮೆನಾವನಿಗೆ ಬಂತು. ನೂರಕ್ಕೂ ಹೆಚ್ಚು ಯೋಧರು ಚಟ್ಟಹೂಚಿ ನದಿ ದಂಡೆಯಲ್ಲಿದ್ದ ಮ್ಯಾಕಿಂತೋಷ್ ಮನೆಯನ್ನು ಬೆಳಗಿನ ಜಾವ ಸುತ್ತುವರಿದರು. ಮನೆಯಲ್ಲಿದ್ದ ಬಿಳಿಯರನ್ನು ಹೊರಗೆ ಬಿಟ್ಟರು. ಹೆಂಗಸರು, ಮಕ್ಕಳನ್ನು ಹೊರಗೆ ಕಳಿಸಿದರು. ಮಗ ಚಿಲ್ಲಿ ತಪ್ಪಿಸಿಕೊಂಡು ಓಡಿದ. ಆಮೇಲೆ ಮನೆಗೆ ಬೆಂಕಿ ಹಚ್ಚಿದರು. ಒಳಗಿಂದ ಗುಂಡು ಹಾರಿಸುತ್ತಿದ್ದ ಮ್ಯಾಕಿಂತೋಷ್ ಸತ್ತ. ಒಪ್ಪಂದದಲ್ಲಿ ಅವನ ಜೊತೆ ಗುರುತು ಹಾಕಿದ್ದ ಎಟೊಮಿ ಟಸ್ಟೆನಗ್ಗಿಯೂ ಅಲ್ಲೇ ಸತ್ತ. ಅಳಿಯ ಸ್ಯಾಮ್ಯುಯೆಲ್ ಹಾಕಿನ್ಸ್‌ನನ್ನೂ ಹಿಡಿದು ಕೊಂದರು. ಮ್ಯಾಕಿಂತೋಷ್‌ನ ಹೆಂಡತಿಯರಾದ ಪೆಗ್ಗಿ ಮತ್ತು ಸುಸಾನಾ ಆಮೇಲೆ ಕಮಿಷನರ್‌ಗಳಿಗೆ ಬರೆದ ಪತ್ರದಲ್ಲಿ ಗೋಳಾಡಿದ್ದಾರೆ. ಆ ಗೋಳು ನಿಜವಾದದ್ದು. ಸಭೆಯ ತೀರ್ಪು ಸರಿ ಎಂದುಕೊಂಡರೂ ಅದನ್ನು ಓದಿ ಮುಂದಕ್ಕೆ ಹೋಗಿಬಿಡುವುದು ನನಗಂತೂ ಕಷ್ಟ.

ಮೆನಾವನಿಗೆ ಹಳೆಯ ದ್ವೇಷ ಇತ್ತು, ಹಾರ್ಸ್‌ಶೂ ಬೆಂಡ್‌ನ ಗಾಯ ಮರೆತಿರಲಿಲ್ಲ ಎನ್ನುವವರು ಇದ್ದಾರೆ. ಇದ್ದಿರಬಹುದು. ಆದರೆ ಸೇಡಿಗೆ ಹೊರಟವನು ತೀರ್ಪಿನಲ್ಲಿ ಹೆಸರಿದ್ದವರನ್ನು ಮಾತ್ರ ಹುಡುಕುವುದಿಲ್ಲ, ಉಳಿದವರನ್ನು ಹೊರಗೆ ಕಳಿಸಿ ಕಾಯುವುದಿಲ್ಲ. ಆ ದಿನ ನಡೆದದ್ದು 1813ರಲ್ಲಿ ಮ್ಯಾಕಿಂತೋಷ್ ತಾನೇ ಮಾಡಿದ್ದ ಕೆಲಸದ ರೀತಿಯಲ್ಲೇ ನಡೆಯಿತು. ಇಬ್ಬರೂ ಯುದ್ಧದ ಪದವಿಯವರು. ಒಬ್ಬ ಸಭೆ ಕಳಿಸಿದ್ದಕ್ಕೆ ಬಂದಿದ್ದ. ಇನ್ನೊಬ್ಬ ಸಭೆಯನ್ನು ಬಿಟ್ಟು ಸಹಿ ಹಾಕಿದ್ದ.

ಟ್ರೂಪ್ ಕೆರಳಿದ. ಆದರೆ ಆಡಮ್ಸ್ ತನಿಖೆ ಮಾಡಿಸಿದಾಗ ಒಪ್ಪಂದದ ಹುಳುಕು ಹೊರಬಿತ್ತು. ಒಪೊತ್ಲೆಯಹೋಲ ನಿಯೋಗ ಕಟ್ಟಿಕೊಂಡು ವಾಷಿಂಗ್ಟನ್‌ಗೆ ಹೋದ. ಮೆನಾವನೂ ಹೋದ. 1826ರ ಜನವರಿ 24ರ ಹೊಸ ಒಪ್ಪಂದ ಹಳೆಯದನ್ನು ರದ್ದು ಮಾಡಿತು. ಅದು ದೊಡ್ಡ ಗೆಲುವು, ಆದರೆ ಸಣ್ಣ ಅವಧಿಯದು. ಹೊಸ ಒಪ್ಪಂದದಲ್ಲೂ ಜಾರ್ಜಿಯಾದ ನೆಲದ ಬಹುಭಾಗ ಹೋಯಿತು. ಉಳಿದ ತುಂಡು 1827ರಲ್ಲಿ ಹೋಯಿತು. 1836ರ ಗಲಭೆಯಲ್ಲಿ ಅಮೆರಿಕನ್ನರ ಕಡೆ ನಿಂತ ಮೆನಾವನನ್ನೂ ಕೊನೆಗೆ ಪಶ್ಚಿಮಕ್ಕೆ ಸಾಗಿಸಿದರು.

ಹತ್ತು ವರ್ಷದ ನಂತರ ಫ್ಲಾರಿಡಾದಲ್ಲಿ

ಕೆಂಪು ಕೋಲಿನವರಲ್ಲಿ ಸೋತು ಉಳಿದ ಎಷ್ಟೋ ಮಂದಿ 1814ರ ಬಳಿಕ ಫ್ಲಾರಿಡಾಕ್ಕೆ ಹೋಗಿ ಸೆಮಿನೋಲರ ಜೊತೆ ಸೇರಿದ್ದರು. ಪದವಿಗಳೂ ಅವರ ಜೊತೆ ಹೋದವು. ಹಾಗೆ ಹೋದ ಮಕ್ಕಳಲ್ಲಿ ಒಬ್ಬ ಓಸಿಯೋಲ. ಅವನ ಹೆಸರಿನ ಮೂಲ ರೂಪ ಅಸಿ ಯಹೋಲ, ಕಪ್ಪು ಕಷಾಯದ ಕೂಗುಗಾರ. ಅವನು ಮಿಕ್ಕೊ ಆಗಿರಲಿಲ್ಲ. ಸೆಮಿನೋಲರ ಮುಖ್ಯಸ್ಥ ಮಿಕನೋಪಿ.

ಅಮೆರಿಕ ಸರ್ಕಾರ ಹೇಳಿದಂತೆ ನೆಲ ಬಿಟ್ಟು ಪಶ್ಚಿಮಕ್ಕೆ ಹೊರಡಲು ಒಪ್ಪಿದವರಿಗೆ ಸಾವು ಎಂದು ವಿರೋಧಿ ಮುಂದಾಳುಗಳು ತೀರ್ಮಾನಿಸಿದ್ದರು. ಸೆಮಿನೋಲ್ ಮುಂದಾಳುಗಳಲ್ಲಿ ಒಬ್ಬನಾದ ಚಾರ್ಲಿ ಇಮಾತ್ಲ ತನ್ನ ದನಗಳನ್ನು ಮಾರಿ ಹೊರಡಲು ಸಿದ್ಧನಾದ. 1835ರ ನವೆಂಬರ್ 26ರಂದು ಓಸಿಯೋಲನ ಗುಂಪು ಅವನನ್ನು ದಾರಿಯಲ್ಲಿ ಕೊಂದಿತು. ದನ ಮಾರಿದ ಹಣವನ್ನು ನೆಲಕ್ಕೆ ಎರಚಿದರು, ಯಾರೂ ಮುಟ್ಟಲಿಲ್ಲ ಎಂದು ಹೇಳುತ್ತಾರೆ. ಒಂದು ತಿಂಗಳಿಗೆ, ಡಿಸೆಂಬರ್ 28ರಂದು, ಅಮೆರಿಕ ಸೇನೆಯ ಮೇಜರ್ ಡೇಡ್‌ನ ತುಕಡಿ ಸೆಮಿನೋಲರ ಕೈಯಲ್ಲಿ ಹೆಚ್ಚುಕಮ್ಮಿ ಪೂರ್ತಿ ಅಳಿಯಿತು. ಮಿಕನೋಪಿ ಅಲ್ಲಿದ್ದ. ಆದರೆ ಕಾಳಗದ ಏರ್ಪಾಡು ನೋಡಿಕೊಂಡವರು ಹಲ್ಪಾಟ ಟಸ್ಟೆನಗ್ಗಿ ಮತ್ತು ಜಂಪರ್. ಜಂಪರ್‌ನ ಪದವಿಯೂ ಇಮಾತ್ಲ. ಅಂದರೆ ಹಳೆಯ ಹಂಚಿಕೆ ಮುರಿದಿರಲಿಲ್ಲ. ಮಿಕ್ಕೊ ಒಪ್ಪಿದ, ಟಸ್ಟೆನಗ್ಗಿ ನಡೆಸಿದ.

ಮ್ಯಾಕಿಂತೋಷ್ ಪ್ರಕರಣದ ಜೊತೆ ಇಟ್ಟು ನೋಡಿದರೆ ಹೋಲಿಕೆ ಎದ್ದು ಕಾಣುತ್ತದೆ, ವ್ಯತ್ಯಾಸವೂ ಕಾಣುತ್ತದೆ. ಚಾರ್ಲಿ ಇಮಾತ್ಲ ಮಾರಲು ಹೊರಟದ್ದು ತನ್ನ ದನಗಳನ್ನು, ಎಲ್ಲರ ನೆಲವನ್ನಲ್ಲ. ಅವನನ್ನು ಕೊಂದದ್ದು ಮಸ್ಕೋಗಿಗಳ ಸಭೆಯಂಥ ಬರೆದಿಟ್ಟ ಕಾನೂನಿನ ಮೇಲೂ ಅಲ್ಲ. ಎರಡನ್ನೂ ಒಂದೇ ಎಂದು ಹೇಳುವುದು ಚಾರ್ಲಿಗೆ ಮಾಡುವ ಅನ್ಯಾಯ ಎಂದು ನನ್ನ ಅನಿಸಿಕೆ.

ಪಶ್ಚಿಮದಲ್ಲಿ

ಮ್ಯಾಕಿಂತೋಷ್ ಕಡೆಯವರು 1820ರ ದಶಕದ ಕೊನೆಗೇ ಪಶ್ಚಿಮಕ್ಕೆ ಹೋದರು, ಚಿಲ್ಲಿ ಮುಂದಾಳಾಗಿ. ಉಳಿದವರನ್ನು 1836ರಲ್ಲಿ ಬಲವಂತವಾಗಿ ಸಾಗಿಸಿದರು. ಎರಡೂ ಕಡೆಯವರು ಈಗಿನ ಒಕ್ಲಹೋಮಾದಲ್ಲಿ ಮತ್ತೆ ಎದುರುಬದುರಾದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಬಂದಾಗ ಚಿಲ್ಲಿ ದಕ್ಷಿಣದ ರಾಜ್ಯಗಳ ಪರ ಪಡೆ ಕಟ್ಟಿದ. ಮುದುಕನಾಗಿದ್ದ ಒಪೊತ್ಲೆಯಹೋಲ ಸಾವಿರಾರು ಜನರನ್ನು ಕಟ್ಟಿಕೊಂಡು ಚಳಿಗಾಲದಲ್ಲಿ ಕ್ಯಾನ್ಸಸ್ ಕಡೆ ನಡೆದ. ದಾರಿಯಲ್ಲೂ, ತಲುಪಿದ ಮೇಲೂ ಹಸಿವು, ಹಿಮಕ್ಕೆ ಬಹಳ ಮಂದಿ ಸತ್ತರು.

ಯುದ್ಧ ಮುಗಿದ ಮೇಲೆ, 1867ರಲ್ಲಿ, ಮಸ್ಕೋಗಿಗಳು ಬರೆದ ಸಂವಿಧಾನ ರಾಷ್ಟ್ರೀಯ ಸಭೆಯನ್ನು ಎರಡು ಮನೆಗಳಾಗಿ ಮಾಡಿತು. ಒಂದು ರಾಜರ ಮನೆ, ಇನ್ನೊಂದು ಯೋಧರ ಮನೆ. ರಾಜರ ಮನೆಗೆ ಊರಿಗೊಬ್ಬ. ಯೋಧರ ಮನೆಗೆ ಊರಿಗೊಬ್ಬನ ಜೊತೆಗೆ 200 ಜನಕ್ಕೆ ಇನ್ನೊಬ್ಬ. ಲೆಕ್ಕದಲ್ಲಿ ಯೋಧರೇ ಜಾಸ್ತಿ. ಆದರೆ ಕಾನೂನು ಮಾಡಲು ಎರಡೂ ಮನೆ ಒಪ್ಪಬೇಕಿತ್ತು. ಆ ಎರಡು ಮನೆಗಳಿಗಾಗಿ 1878ರಲ್ಲಿ ಕಟ್ಟಿದ ಕಲ್ಲಿನ ಸಭಾಭವನ ಒಕ್ಲಹೋಮಾದ ಒಕ್ಮಲ್ಗಿ ಪಟ್ಟಣದ ನಡುವೆ ಇನ್ನೂ ಇದೆ.